ಕಾಲು ಸುತ್ತಿನ ಕಥೆ

ಮೊನ್ನೆ ಆಫೀಸಿನಲ್ಲಿ ಒಂದು ಚಿತ್ರವನ್ನು 90 ಡಿಗ್ರಿ ತಿರುಗಿಸುವ ಕೋಡ್ ಬರೆಯುತ್ತಿದ್ದೆ. (ಎಕ್ಸ್, ವೈ) ಇದ್ದದ್ದು (-ವೈ, ಎಕ್ಸ್) ಆಗಬೇಕು, ಅಷ್ಟೇ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು. ರನ್ ಮಾಡಿದರೆ ಚಿತ್ರವೇ ಮಾಯ! ಸ್ಕ್ರೀನಿನ ಮೂಲಬಿಂದು ಇರೋದು ಮೇಲಿನ ಎಡಮೂಲೆಯಲ್ಲಿ. ಅದರ ಸುತ್ತ ತಿರುಗಿದ ಚಿತ್ರ ಎಡಗಡೆಯಿಂದ ಹೊರಗೆ ಹೋಗಿ ಕೂತಿತ್ತು.

ಸರಿಪಡಿಸಿದೆ ಬಿಡಿ. ಆದರೆ ಈ ಸೂತ್ರ ತಲೆಯಲ್ಲೇ ಉಳಿಯಿತು. ಕಾಗದದ ಮೇಲೆ (3, 1) ಬಿಂದುವನ್ನು ತಿರುಗಿಸಿ ನೋಡಿ. ಮೊದಲು (-1, 3), ಮತ್ತೊಮ್ಮೆ ತಿರುಗಿಸಿದರೆ (-3, -1). ಅಂದರೆ ಎರಡು ಸಲ ಕಾಲು ಸುತ್ತು ತಿರುಗಿಸಿದರೆ -1ರಿಂದ ಗುಣಿಸಿದ ಹಾಗೆ. ಹಾಗಾದರೆ -1ರ ವರ್ಗಮೂಲ ಯಾವುದು? ಒಂದು ಕಾಲು ಸುತ್ತು! ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದರೂ 'ಇಮ್ಯಾಜಿನರಿ' ಅಂದರೆ ಏನೋ ಸುಳ್ಳು ಸಂಖ್ಯೆ ಅಂತಲೇ ನಂಬಿದ್ದವನು ನಾನು.

ಇದನ್ನು ಮೊದಲು ಬರೆದು ಪ್ರಕಟಿಸಿದವರು ಗಣಿತದ ಪ್ರೊಫೆಸರ್ ಅಲ್ಲ, ಒಬ್ಬ ಸರ್ವೇಯರ್. ಹೆಸರು ಕಾಸ್ಪರ್ ವೆಸೆಲ್, 1745ರಲ್ಲಿ ನಾರ್ವೆಯಲ್ಲಿ ಹುಟ್ಟಿ ಡೆನ್ಮಾರ್ಕಿನ ನಕ್ಷೆ ತಯಾರಿಸುವ ಕೆಲಸ ಮಾಡುತ್ತಿದ್ದವರು. ದಿನವಿಡೀ ದೂರ, ದಿಕ್ಕುಗಳ ಲೆಕ್ಕ. ದಿಕ್ಕಿರುವ ಎರಡು ಗೆರೆಗಳನ್ನು ಗುಣಿಸುವುದು ಹೇಗೆ? ಉದ್ದಗಳನ್ನು ಗುಣಿಸಿ, ಕೋನಗಳನ್ನು ಕೂಡಿಸಿ ಅಂದರು ವೆಸೆಲ್. ಯಾವುದೇ ಕೋನಕ್ಕೆ ಯಾವುದೇ ಆಕೃತಿಯನ್ನು ತಿರುಗಿಸಲು ಇಷ್ಟು ಸಾಕು. 1797ರಲ್ಲಿ ಡೆನ್ಮಾರ್ಕಿನ ರಾಯಲ್ ಅಕಾಡೆಮಿಯಲ್ಲಿ ಈ ಪ್ರಬಂಧ ಮಂಡನೆಯಾಯಿತು, 1799ರಲ್ಲಿ ಅಚ್ಚಾಯಿತು.

ಆದರೆ ಅದು ಇದ್ದದ್ದು ಡ್ಯಾನಿಶ್ ಭಾಷೆಯಲ್ಲಿ. ಹೊರಗಿನ ಗಣಿತಜ್ಞರ ಕಣ್ಣಿಗೆ ಬೀಳಲೇ ಇಲ್ಲ. 1806ರಲ್ಲಿ ಪ್ಯಾರಿಸ್ಸಿನಲ್ಲಿ ಆರ್ಗಂಡ್ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡು ಪುಸ್ತಿಕೆ ತಂದರು. 1831ರಲ್ಲಿ ಗೌಸ್ ಬರೆದ ಮೇಲೆ ಎಲ್ಲರೂ ಒಪ್ಪಿದರು. ವೆಸೆಲ್ ಪ್ರಬಂಧ ಬೆಳಕಿಗೆ ಬಂದದ್ದು 1895ರಲ್ಲಿ, ಅವರು ತೀರಿಕೊಂಡು 77 ವರ್ಷವಾದ ಮೇಲೆ. ಫ್ರೆಂಚ್ ಅನುವಾದ 1897ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ! ನಮ್ಮ ಪಠ್ಯಪುಸ್ತಕದಲ್ಲಿ ಮಾತ್ರ ಇವತ್ತಿಗೂ ಅದು 'ಆರ್ಗಂಡ್ ಸಮತಲ'.

ತಮ್ಮ ಭಾಷೆಯಲ್ಲಿ ಬರೆದು ವೆಸೆಲ್ ಕೆಟ್ಟರೇ? ಮೊದಲು ನನಗೂ ಹಾಗೇ ಅನ್ನಿಸಿತು. ಆಮೇಲೆ ಯೋಚಿಸಿದೆ.. ಅಷ್ಟಾದರೂ ಬರೆದಿಟ್ಟಿದ್ದರು, ಅದಕ್ಕೇ ಸಿಕ್ಕಿತು. ಓದುವವರು ತಡವಾಗಿ ಬಂದರೆ ಅದು ಬರೆದವರ ತಪ್ಪಲ್ಲ. ಕನ್ನಡದಲ್ಲಿ ಕುಟ್ಟುತ್ತಾ ಕೂತ ನಾವು ನೀವು ಏನಂತೀರಿ?