ಸ್ಯಾಂಕಿಮ್ಯಾಟಿಕ್
ಅಂಕಿಅಂಶಗಳಿಂದ ಹರಿವಿನ ನಕ್ಷೆ ಬಿಡಿಸುವ ಉಚಿತ ತಂತ್ರಾಂಶ, ಬ್ರೌಸರಿನಲ್ಲೇ ನಡೆಯುತ್ತದೆ. ಮೂಲ, ಚೌಕ ಆವರಣದಲ್ಲಿ ಪ್ರಮಾಣ, ಗುರಿ ಎಂದು ಸಾಲಿಗೊಂದರಂತೆ ಬರೆದರೆ ಪ್ರಮಾಣಕ್ಕೆ ತಕ್ಕ ದಪ್ಪದ ಪಟ್ಟಿಗಳು ಮೂಡುತ್ತವೆ. ಉಗಿಯಂತ್ರದ ಶಕ್ತಿವ್ಯಯವನ್ನು 1898ರಲ್ಲಿ ಹೀಗೆ ಚಿತ್ರಿಸಿದ ಮ್ಯಾಥ್ಯೂ ಸ್ಯಾಂಕಿಯ ಹೆಸರು ಈ ಬಗೆಯ ನಕ್ಷೆಗಿದೆ. ಬೆಂಗಳೂರಿನ ಸ್ಯಾಂಕಿ ಕೆರೆಯ ರಿಚರ್ಡ್ ಸ್ಯಾಂಕಿ ಬೇರೆಯವರು.

ಕಾಲುವೆ ನೀರಿನ ಹಂಚಿಕೆಯನ್ನು ತೋರಿಸಲು ರಾಯಚೂರು ಜಿಲ್ಲೆಗೆ ಈ ತಂತ್ರಾಂಶ ಹೇಳಿ ಮಾಡಿಸಿದ ಸಾಧನ. ಮಾನ್ವಿ, ರಾಯಚೂರು ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿವೆ. ದೇವದುರ್ಗಕ್ಕೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬರುತ್ತದೆ. ಮೇಲ್ಭಾಗದ ಭತ್ತಕ್ಕೆ ಹೋದದ್ದೆಷ್ಟು, ಸೋರಿದ್ದೆಷ್ಟು, ಕೊನೆಯಂಚಿನ ಹೊಲಕ್ಕೆ ಉಳಿದದ್ದೆಷ್ಟು ಎಂಬುದನ್ನು ಪಟ್ಟಿ ತೆಳುವಾಗುವ ಜಾಗವೇ ತೋರಿಸುತ್ತದೆ. ಬರೀ ಕೋಷ್ಟಕದಲ್ಲಿ ಅದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಕಾಲುವೆಯ ಅಳತೆಯೇ ತಪ್ಪಿದ್ದರೆ ಮಾತ್ರ ನಕ್ಷೆಯೂ ಸುಳ್ಳಾಗುತ್ತದೆ. ಸಿದ್ಧ ನಕ್ಷೆಯನ್ನು ಪಿಎನ್‌ಜಿ ಅಥವಾ ಎಸ್‌ವಿಜಿ ಚಿತ್ರವಾಗಿ ಇಳಿಸಿಕೊಳ್ಳಬಹುದು.