ಟ್ವಿಟರ್‌ನಿಂದ ಮಾಸ್ಟೊಡಾನ್‌ಗೆ: ವಿಕೇಂದ್ರೀಕೃತ ಜಾಲದ ಪರಿಚಯ

ಮಾಸ್ಟೊಡಾನ್ ಎಂಬುದು ಆನೆಯನ್ನು ಹೋಲುತ್ತಿದ್ದ, ಎಂದೋ ನಶಿಸಿಹೋದ ಪ್ರಾಣಿಯ ಹೆಸರು. ಜರ್ಮನಿಯ ಯುವ ತಂತ್ರಜ್ಞ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಸಾಮಾಜಿಕ ಜಾಲದ ತಂತ್ರಾಂಶಕ್ಕೂ ಇದೇ ಹೆಸರು. ಅಲ್ಲಿನ ಕಿರುಬರಹವನ್ನು 2022ರವರೆಗೆ ‘ಟೂಟ್’ ಎನ್ನುತ್ತಿದ್ದರು; ನಾವಾಗಿದ್ದರೆ ‘ಘೀಳು’ ಎನ್ನುತ್ತಿದ್ದೆವೇನೋ!

ಭಾರತದಲ್ಲಿ ಈ ಹೆಸರು ಬಹುಜನರ ಕಿವಿಗೆ ಬಿದ್ದದ್ದು 2019ರ ನವೆಂಬರಿನಲ್ಲಿ. ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಕ್ಟೋಬರ್ ಕೊನೆಯಲ್ಲಿ ಅಮಾನತುಗೊಳಿಸಿತ್ತು. ಅವರು ಇರಿಸಿದ್ದ ಚಿತ್ರ 1936ರಲ್ಲಿ ಹ್ಯಾಂಬರ್ಗ್‌ನ ಹಡಗುಕಟ್ಟೆಯಲ್ಲಿ ತೆಗೆದದ್ದು. ಸುತ್ತಲಿನವರೆಲ್ಲ ನಾಜಿ ವಂದನೆ ಸಲ್ಲಿಸುತ್ತಿರುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರುವ ದೃಶ್ಯವದು. ನಾಜಿ ಆಡಳಿತವನ್ನು ವಿರೋಧಿಸುವ ಆ ಚಿತ್ರವೇ ಆಕ್ಷೇಪಾರ್ಹವಾಯಿತೆಂಬುದು ಅನೇಕರನ್ನು ಕೆರಳಿಸಿತು. ಬರಹಗಾರರು, ವಕೀಲರು, ವಿದ್ಯಾರ್ಥಿಗಳು ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು; ಅವರಲ್ಲಿ ಹಲವರು ಹಳೆಯ ಪರಿಚಿತರ ಸೆಳೆತಕ್ಕೆ ಹಿಂದಿರುಗಿದರು.

ಎರಡನೆಯ ಅಲೆ ಜಾಗತಿಕವಾದದ್ದು. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡರು. ತಿಂಗಳಿಗೆ ಸುಮಾರು 3 ಲಕ್ಷವಿದ್ದ ಮಾಸ್ಟೊಡಾನ್‌ನ ಸಕ್ರಿಯ ಬಳಕೆದಾರರ ಸಂಖ್ಯೆ ನವೆಂಬರಿನಲ್ಲಿ 25 ಲಕ್ಷಕ್ಕೇರಿತು. ಅನಂತರ ಅದು ಇಳಿಯಿತೆಂಬುದನ್ನೂ ಹೇಳಬೇಕು.

ಇದರ ಸ್ವರೂಪ ನಮ್ಮ ಕನ್ನಡ ಸಂಘಗಳಂತೆಯೇ ಇದೆ. ಮುಂಬಯಿಯ ಸಂಘಕ್ಕೆ ತನ್ನದೇ ನಿಯಮಾವಳಿ, ದೆಹಲಿಯದಕ್ಕೆ ತನ್ನದೇ ಕಾರ್ಯಕಾರಿ ಸಮಿತಿ. ಆದರೂ ಆಮಂತ್ರಣಗಳು ಊರಿಂದೂರಿಗೆ ಸಲ್ಲುತ್ತವೆ. ಹಾಗೆಯೇ ಮಾಸ್ಟೊಡಾನ್ ಸಾವಿರಾರು ಪ್ರತ್ಯೇಕ ಸರ್ವರ್‌ಗಳ ಒಕ್ಕೂಟ. ಇ-ಮೇಲ್‌ನಂತೆ ಸದಸ್ಯನ ವಿಳಾಸದಲ್ಲಿ ಹೆಸರಿನೊಡನೆ ಸರ್ವರಿನ ಹೆಸರೂ ಇರುತ್ತದೆ. ಅವುಗಳ ನಡುವಿನ ಮಾತುಕತೆಗೆ ‘ಆಕ್ಟಿವಿಟಿಪಬ್’ ಎಂಬ ಮುಕ್ತ ನಿಯಮಾವಳಿಯಿದ್ದು, 2018ರಲ್ಲಿ ಅದಕ್ಕೆ ಡಬ್ಲ್ಯೂ3ಸಿ ಸಂಸ್ಥೆಯ ಮಾನ್ಯತೆ ದೊರೆಯಿತು. ಇಡೀ ಜಾಲವನ್ನು ಒಬ್ಬ ಸಿರಿವಂತ ಕೊಳ್ಳಲಾರ. ಬರಹಗಳು ಕಾಲಕ್ರಮದಲ್ಲಿ ಕಾಣುತ್ತವೆ, ಜಾಹೀರಾತುಗಳಿಲ್ಲ. ತನಗೆ ಒಲ್ಲದ ಸರ್ವರಿನೊಡನೆ ಸಂಪರ್ಕ ಕಡಿದುಕೊಳ್ಳುವ ಅಧಿಕಾರ ಪ್ರತಿ ಸರ್ವರಿಗೂ ಇದೆ. 2019ರಲ್ಲಿ ‘ಗ್ಯಾಬ್’ ಎಂಬ ತೀವ್ರ ಬಲಪಂಥೀಯ ತಾಣ ಇದೇ ತಂತ್ರಾಂಶವನ್ನು ಅಳವಡಿಸಿಕೊಂಡಾಗ ಬಹಳಷ್ಟು ಸರ್ವರ್‌ಗಳು ಹಾಗೆಯೇ ಮಾಡಿದವು.

ತೊಡಕುಗಳೂ ಸಣ್ಣವಲ್ಲ. ಸರ್ವರ್ ಬದಲಿಸಿದರೆ ಅನುಯಾಯಿಗಳನ್ನು ಕೊಂಡೊಯ್ಯಬಹುದು, ಹಳೆಯ ಬರಹಗಳನ್ನಲ್ಲ. ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಓದಬಲ್ಲರು. ಹಲವು ಸರ್ವರ್‌ಗಳು ವ್ಯಕ್ತಿಗಳ ಬಿಡುವಿನ ವೇಳೆ ಮತ್ತು ದೇಣಿಗೆಯಿಂದ ನಡೆಯುವುದರಿಂದ ಮುಚ್ಚಿಹೋಗುವುದೂ ಉಂಟು.

ಇಷ್ಟನ್ನೆಲ್ಲ ನಾವು ವಿಚಾರಿಸಿದ್ದು ಕುತೂಹಲದಿಂದಷ್ಟೇ ಅಲ್ಲ. ನಮ್ಮ ರಾಜ್ಯೋತ್ಸವ, ನಾಟಕ, ಮಕ್ಕಳ ಕನ್ನಡ ತರಗತಿಗಳ ಹಲವು ವರ್ಷಗಳ ಚಿತ್ರಗಳು ಒಂದು ದೊಡ್ಡ ತಾಣದ ಪುಟದಲ್ಲಿದ್ದವು. ಒಂದು ಬೆಳಿಗ್ಗೆ ಖಾತೆ ತೆರೆಯಲಿಲ್ಲ. ಕಾರಣ ಕೇಳಿ ಬರೆದ ಪತ್ರಗಳಿಗೆ ಯಂತ್ರದ ಉತ್ತರವಷ್ಟೇ ಬಂತು. ಈಗ ನಮ್ಮೊಡನಿಲ್ಲದ ಹಿರಿಯರ ಕೊನೆಯ ರಂಗಪ್ರವೇಶದ ಚಿತ್ರಗಳೂ ಅದರಲ್ಲಿದ್ದವು. ಸದಸ್ಯರು ತಮ್ಮ ಮನೆಗಳಲ್ಲಿರುವ ಪ್ರತಿಗಳನ್ನು ಸಂಘದ ಕಚೇರಿಗೆ ತಲುಪಿಸಿದರೆ ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ.