ಇಂಗ್ಲಿಷಿನ ನಿರ್ಮಾಣವಾಚಕ ಶಬ್ದಗಳೂ ಹೀನಾರ್ಥಪ್ರಾಪ್ತಿಯೂ

ವಸ್ತುನಿರ್ಮಾಣವನ್ನು ಸೂಚಿಸುವ ಇಂಗ್ಲಿಷ್ ಶಬ್ದಗಳನ್ನು ಪರಿಶೀಲಿಸಿದಲ್ಲಿ, ಜರ್ಮಾನಿಕ್ ಮೂಲದ 'ಮೇಕ್', 'ವರ್ಕ್' ಮೊದಲಾದವು ನಿತ್ಯವ್ಯವಹಾರದ ಸಾಮಾನ್ಯಾರ್ಥದಲ್ಲಿಯೇ ನೆಲೆನಿಂತಿರುವುದೂ, 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ದ್ವಾರವಾಗಿಯೂ, ಅನಂತರ ಪಂಡಿತರ ಲೇಖನಿಯಿಂದ ನೇರವಾಗಿಯೂ ಬಂದು ಸೇರಿದ ಲ್ಯಾಟಿನ್ ಶಬ್ದಗಳಲ್ಲಿ ಹಲವು ಕಪಟ, ಮಿಥ್ಯೆ, ನಟನೆಗಳೆಂಬ ಅರ್ಥಗಳತ್ತ ಜಾರಿರುವುದೂ ಕಂಡುಬರುತ್ತದೆ. ಈ ಹೀನಾರ್ಥಪ್ರಾಪ್ತಿಯ ಕ್ರಮವನ್ನು ಕೆಲವು ನಿದರ್ಶನಗಳಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ 'ಫಿಂಗೆರೆ' ಎಂಬ ಲ್ಯಾಟಿನ್ ಧಾತು. ಮಣ್ಣನ್ನು ಮಿದಿದು ಆಕಾರಗೊಳಿಸುವುದು ಇದರ ಮೂಲಾರ್ಥ; ಕುಂಬಾರನಿಗೆ ರೋಮನರು 'ಫಿಗುಲುಸ್' ಎಂದದ್ದು ಇದರಿಂದಲೇ. ಸಂಸ್ಕೃತದಲ್ಲಿ ಲೇಪನಾರ್ಥಕವಾದ 'ದಿಹ್' ಧಾತುವೂ, ಅದರಿಂದ ನಿಷ್ಪನ್ನವಾದ 'ದೇಹ' ಶಬ್ದವೂ ಇದರ ಸಗೋತ್ರಗಳು. ಆದರೆ ಮನಸ್ಸಿನಲ್ಲಿ ಕಲ್ಪಿಸುವುದು, ಇಲ್ಲದುದನ್ನು ಇದೆಯೆಂದು ತೋರಿಸುವುದು ಎಂಬ ಅರ್ಥಗಳು ಆ ಧಾತುವಿಗೆ ರೋಮಿನಲ್ಲಿಯೇ ಅಂಟಿಕೊಂಡಿದ್ದವು. ಇಂಗ್ಲಿಷಿಗೆ ಬಂದ 'ಫಿಕ್ಷನ್', 'ಫೇನ್', 'ಫಿಗ್ಮೆಂಟ್' ಎಂಬ ಶಬ್ದಗಳಲ್ಲಿ ಮಣ್ಣಿನ ವಾಸನೆಯೇ ಉಳಿದಿಲ್ಲ. ಇದೇ ಮೂಲದಿಂದ ಜರ್ಮಾನಿಕ್ ಶಾಖೆಯಲ್ಲಿ ಇಳಿದುಬಂದ 'ಡೋ' ಎಂಬ ಶಬ್ದವಾದರೋ, ನಾದಿದ ಹಿಟ್ಟೆಂಬ ನಿರಪರಾಧಿಯಾದ ಅರ್ಥದಲ್ಲಿ ಅಡುಗೆಮನೆಯಲ್ಲಿಯೇ ಸುಖವಾಗಿದೆ.

ಶಿಲ್ಪಿ, ಕಮ್ಮಾರ ಮೊದಲಾದವರನ್ನು ಹೇಳುವ 'ಫಾಬೆರ್' ಶಬ್ದದಿಂದ ಹುಟ್ಟಿದ 'ಫಾಬ್ರಿಕಾ' ಇಂಗ್ಲಿಷನ್ನು ಎರಡು ಬಾರಿ ಪ್ರವೇಶಿಸಿತು. ಹಳೆಯ ಫ್ರೆಂಚಿನಲ್ಲಿ ಸವೆದು 'ಫೋರ್ಜ್' ಎಂದಾಗಿ ಬಂದದ್ದು ಕುಲುಮೆಯನ್ನೂ, ಕ್ರಿಯಾಪದವಾಗಿ ಹದಿನಾಲ್ಕನೆಯ ಶತಮಾನದಿಂದಲೇ ಖೋಟಾ ಪತ್ರ ಸೃಷ್ಟಿಸುವುದನ್ನೂ ಸೂಚಿಸತೊಡಗಿತು. ಅನಂತರ ಬಂದ 'ಫ್ಯಾಬ್ರಿಕ್' ಕಟ್ಟಡಕ್ಕೂ ಬಟ್ಟೆಗೂ ಹೆಸರಾಗಿ ಗೌರವದಿಂದಿದ್ದರೆ, 'ಫ್ಯಾಬ್ರಿಕೇಟ್' ಸುಳ್ಳುಸಾಕ್ಷ್ಯವನ್ನು ಹುಟ್ಟಿಸುವವನ ಪಾಲಾಯಿತು. 'ಆರ್ಟಿಫಿಷಿಯಲ್' ಎಂಬುದೂ ಒಂದು ಕಾಲದಲ್ಲಿ ಕುಶಲವಾದುದೆಂಬ ಪ್ರಶಂಸೆಯೇ ಆಗಿದ್ದಿತು. ಷೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ'ದಲ್ಲಿ ಬಸಾನಿಯೋ ಪೋರ್ಷಿಯಾಳ ಚಿತ್ರಪಟವನ್ನು ಕಂಡು 'ಕೌಂಟರ್‌ಫಿಟ್' ಎಂದು ಕರೆಯುವಾಗ ಅದರಲ್ಲಿ ನಿಂದೆಯ ಲೇಶವೂ ಇಲ್ಲ.

ಮನೆಮಾತಿನ ಶಬ್ದಗಳು ದಿನದ ಕೆಲಸವನ್ನೆಲ್ಲ ನಿರ್ವಹಿಸುತ್ತಿದ್ದುದರಿಂದ, ಆಗಂತುಕಗಳಿಗೆ ವಿಶೇಷಾರ್ಥವೇ ಗತಿಯಾಯಿತೆಂದೂ, ಮುದ್ರೆ, ದಸ್ತಾವೇಜು, ನಾಣ್ಯಗಳ ವ್ಯಾಜ್ಯಗಳು ಫ್ರೆಂಚ್ ಮತ್ತು ಲ್ಯಾಟಿನ್ ಬಳಸುತ್ತಿದ್ದ ನ್ಯಾಯಾಲಯಗಳಲ್ಲಿ ನಡೆದುದರಿಂದ ಆ ವಿಶೇಷಾರ್ಥ ವಂಚನೆಯೆಡೆಗೆ ತಿರುಗಿತೆಂದೂ ಊಹಿಸಬಹುದು. ಈ ಊಹೆ ಅರ್ಧಸತ್ಯವೆಂದೇ ನನ್ನ ಮತ. ಏಕೆಂದರೆ ಬಲವನ್ನೂ ನೈಪುಣ್ಯವನ್ನೂ ಹೇಳುತ್ತಿದ್ದ ಅಚ್ಚ ಇಂಗ್ಲಿಷಿನ 'ಕ್ರಾಫ್ಟ್' ಶಬ್ದವೂ 'ಕ್ರಾಫ್ಟಿ' ಎಂದಾಗಿ ಕುಟಿಲತೆಗೆ ಇಳಿದಿದೆ. ಸಂಸ್ಕೃತದ 'ಕೃ' ಧಾತು 'ಕೃತ್ರಿಮ'ವನ್ನು ಹೆತ್ತಿದೆ. ನಮ್ಮ ಕನ್ನಡವೂ ಮನೆ ಕಟ್ಟುವ ಕ್ರಿಯಾಪದದಿಂದಲೇ 'ಕಟ್ಟುಕಥೆ'ಯನ್ನು ಕಟ್ಟಿಕೊಂಡಿದೆ. ಮಾಡುವವನ ಕೈ ನಿಜದ ಹಾಗೆಯೇ ತೋರುವುದನ್ನೂ ಮಾಡಬಲ್ಲದೆಂಬ ಶಂಕೆ ಯಾವುದೋ ಒಂದು ಭಾಷಾಕುಲದ ಸ್ವತ್ತಲ್ಲ. ಇಂಗ್ಲಿಷಿನ ವೈಶಿಷ್ಟ್ಯವೆಂದರೆ, ಮಾಡಿದ ವಸ್ತುವಿಗೂ ಮಾಡುವ ಸ್ಥಳಕ್ಕೂ ಹೆಸರಾದ ಶಬ್ದಗಳು ಬಹುಮಟ್ಟಿಗೆ ಶುದ್ಧವಾಗಿ ಉಳಿದು, ಕಳಂಕವು ಹೆಚ್ಚಾಗಿ ಕ್ರಿಯಾಪದಗಳಿಗೆ ತಗುಲಿದುದು.

ಮೇಲೆ ಹೇಳಿದ 'ಆರ್ಟಿಫಿಷಿಯಲ್', 'ಕೌಂಟರ್‌ಫಿಟ್'ಗಳಿಗೂ ಮೂಲವಾದ, 'ಮಾಡು' ಎಂಬರ್ಥದ 'ಫಾಕೆರೆ' ಧಾತುವಿನ ಸಂತಾನ ವಿಚಿತ್ರವಾದುದು. ಕೈಯಿಂದ ಮಾಡಿದ್ದೆಂಬ ವ್ಯುತ್ಪತ್ತಿಯ 'ಮ್ಯಾನುಫ್ಯಾಕ್ಚರ್' ಯಂತ್ರದಿಂದಾದುದನ್ನು ಹೇಳುವಂತಾಗಿ ತಲೆಕೆಳಗಾಯಿತೆಂಬುದನ್ನು ಲೇಖಕ ಆಂಡ್ರೂ ಯೂರ್ 1835ರಷ್ಟು ಹಿಂದೆಯೇ ಗುರುತಿಸಿದ್ದನು. ಅದಕ್ಕಿಂತ ಕುತೂಹಲಕರವಾದುದು 'ಫ್ಯಾಕ್ಟ್': ಮಾಡಲ್ಪಟ್ಟದ್ದು, ಕೃತ್ಯ ಎಂದು ಇದರ ಮೂಲಾರ್ಥ. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಅನೇಕ ವೇಳೆ ದುಷ್ಕೃತ್ಯವನ್ನೇ ಸೂಚಿಸುತ್ತಿದ್ದಿತು. ತನ್ನ ಸೋದರ ಶಬ್ದಗಳು ಸುಳ್ಳಿನತ್ತ ಇಳಿಯುತ್ತಿರಲಾಗಿ ಇದೊಂದು ಮಾತ್ರ, ಹದಿನೇಳನೆಯ ಶತಮಾನದಲ್ಲಿ, ಅಪರಾಧದಿಂದ ನಿಶ್ಚಿತಸತ್ಯದ ಪದವಿಗೆ ಏರಿತು. ಆದರೂ ಅಪರಾಧ ನಡೆದ ಮೇಲೆ ಅಪರಾಧಿಗೆ ನೆರವಾದವನನ್ನು ಹೆಸರಿಸುವ 'ಆಕ್ಸೆಸರಿ ಆಫ್ಟರ್ ದ ಫ್ಯಾಕ್ಟ್' ಎಂಬ ಇಂಗ್ಲಿಷ್ ಭಾಷೆಯ ನ್ಯಾಯಪರಿಭಾಷೆಯಲ್ಲಿ ಆ ಹಳೆಯ ಅರ್ಥವೇ ಇಂದಿಗೂ ಚಲಾವಣೆಯಲ್ಲಿದೆ.